ಕಾಫಿ ಕಣದಲ್ಲಿ ರಾಕ್, ಮೇಲಿಂದ ಹೂಮಳೆ

ಮಾರ್ಚ್ ಕೊನೆಯಲ್ಲಿ ಮಡಿಕೇರಿಗೆ ಹೊರಟಿದ್ದೇವೆ ಅಂದರೆ ಮೈಸೂರಿನಲ್ಲಿ ಯಾರಿಗೂ ಹೊಟ್ಟೆಕಿಚ್ಚಾಗುವುದಿಲ್ಲ. ಆಗ ಅಲ್ಲಿ ಮಂಜಿಲ್ಲ. ಜಲಪಾತದಲ್ಲಿ ನೀರಿಲ್ಲ. ಬೆಟ್ಟದ ಹುಲ್ಲೆಲ್ಲ ಒಣಗಿರುತ್ತದೆ. "ಮಳೆಗಾಲ ಶುರುವಾಗ್ಲಿ, ಆಮೇಲೆ ಹೋಗಿ" ಅನ್ನುವವರೇ ಜಾಸ್ತಿ. ನಾವು ಹೊರಟಿದ್ದು ಮಂಜಿಗಲ್ಲ, ರಾಕ್ ಕಾನ್ಸರ್ಟಿಗೆ. ಮಡಿಕೇರಿಯಿಂದ ಸುಂಟಿಕೊಪ್ಪದ ಕಡೆ ಬರುವ ದಾರಿಯಲ್ಲಿ, ಒಂದು ಕಾಫಿ ತೋಟದ ಕಣದಲ್ಲಿ ಕಾರ್ಯಕ್ರಮ. ಬೆಂಗಳೂರಿನ ಬ್ಯಾಂಡ್, ಹಾಡೆಲ್ಲ ಕನ್ನಡದಲ್ಲಿ.

ಟಿಕೆಟ್ ತೆಗೆದವಳು ಅಕ್ಕನ ಮಗಳು. ಡಿಗ್ರಿ ಓದುತ್ತಿದ್ದರೂ ಮನೆಯಲ್ಲಿ ಎಲ್ಲರಿಗೂ ಇನ್ನೂ ಪುಟ್ಟಿ. ಜೊತೆಗೆ ಬರಬೇಕಿದ್ದ ಗೆಳತಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಳು. "ಮಾವ ಬಂದ್ರೆ ಹೋಗು, ಇಲ್ಲಾಂದ್ರೆ ಬೇಡ" ಅಂದಳು ಅಕ್ಕ. ಹಾಗೆ ಒಂದು ಟಿಕೆಟ್ ನನ್ನ ಪಾಲಿಗೆ ಬಂತು.

ನಾನೇನೂ ಒಲ್ಲದ ಮನಸ್ಸಿನಿಂದ ಹೊರಟವನಲ್ಲ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಬಂದಾಗ ಮುಂದಿನ ಸಾಲಿಗೆ ನುಗ್ಗಲು ನೋಡಿ ಪಕ್ಕೆ ನೋವು ಮಾಡಿಕೊಂಡು ಬಂದವನು. ಆ ಬ್ಯಾಂಡ್ ಭಾರತದಲ್ಲಿ ನುಡಿಸಿದ್ದು ಅದೇ ಮೊದಲ ಸಲ. ಆಗ ಪುಟ್ಟಿಗೆ ಸರಿಯಾಗಿ ಹಲ್ಲು ಕೂಡ ಬಂದಿರಲಿಲ್ಲ. ಈಗ ಅವಳು ನನಗೆ ಬ್ಯಾಂಡ್‌ಗಳ ಬಗ್ಗೆ ಪಾಠ ಹೇಳುತ್ತಾಳೆ.

ಶುಕ್ರವಾರ

ಕೊಡಗಿಗೆ ರೈಲಿಲ್ಲ, ಬಸ್ಸೇ ಗತಿ. ಮೈಸೂರಿನಿಂದ ಮಡಿಕೇರಿ ಸುಮಾರು 120 ಕಿಲೋಮೀಟರ್. ಹುಣಸೂರು, ಪಿರಿಯಾಪಟ್ಟಣದವರೆಗೆ ಹೇಳುವಂಥದ್ದು ಏನೂ ಇಲ್ಲ. ಹೊಗೆಸೊಪ್ಪಿನ ಹೊಲಗಳು ಖಾಲಿ ಬಿದ್ದಿದ್ದವು. ಹತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಪುಟ್ಟಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬ್ಯಾಂಡಿನ ಹಾಡುಗಳನ್ನೆಲ್ಲ ಬಾಯಿಪಾಠ ಮಾಡುತ್ತಿದ್ದಳು. ಮಧ್ಯೆ ಮಧ್ಯೆ ಒಂದು ಕಿವಿಯದ್ದನ್ನು ಕಿತ್ತು ನನ್ನ ಕಿವಿಗೆ ತುರುಕುತ್ತಿದ್ದಳು.

"ಇಲ್ಲಿ ಬೇಸ್ ಬರುತ್ತೆ ನೋಡು ಮಾವ. ಈಗ... ಈಗ..."

ಬಸ್ಸಿನ ಎಂಜಿನ್ನಿನ ಸದ್ದಿನಲ್ಲಿ ಯಾವ ಬೇಸೂ ಕೇಳಲಿಲ್ಲ. ತಲೆ ಆಡಿಸಿದೆ.

ಕೊಪ್ಪ ಕಳೆದು ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಹೊಳೆಯಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ ಕಾಣುತ್ತಿತ್ತು. ಆನೆಕಾಡು ಮುಗಿದ ಮೇಲೆ ರಸ್ತೆ ಏರತೊಡಗುತ್ತದೆ. ಸುಂಟಿಕೊಪ್ಪದ ಹೊತ್ತಿಗೆ ಎರಡೂ ಕಡೆ ಸಿಲ್ವರ್ ಓಕ್ ಮರಗಳು, ಅವಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ.

ಅಲ್ಲೊಂದು ವಿಚಿತ್ರ ಕಂಡಿತು. ಒಂದು ತೋಟ ಪೂರ್ತಿ ಬೆಳ್ಳಗಿತ್ತು. ರೆಂಬೆ ರೆಂಬೆಗೂ ಹೂವಿನ ಗೊಂಚಲು, ಕಿಟಕಿಯಿಂದ ಮಲ್ಲಿಗೆಯಂಥ ಘಮ. ಬೇಲಿಯಾಚೆಯ ತೋಟದಲ್ಲಿ ಹುಡುಕಿದರೂ ಒಂದು ಹೂವಿಲ್ಲ. ಎಲೆಗಳು ಬಾಡಿ ಜೋತುಬಿದ್ದಿದ್ದವು. ಅದೇ ಮಣ್ಣು, ಅದೇ ಬಿಸಿಲು. ಕಂಡಕ್ಟರನ್ನು ಕೇಳಿದೆ.

"ಸ್ಪ್ರಿಂಕ್ಲರ್ ಇದ್ದೋರ ಮನೇಲಿ ಹೂವು, ಇಲ್ದೋರ ಮನೇಲಿ ಮೊಗ್ಗು" ಅಂದರು ಅವರು, ಟಿಕೆಟ್ ಯಂತ್ರದಿಂದ ಕಣ್ಣು ತೆಗೆಯದೆ.

ಇದರ ಪೂರ್ತಿ ಅರ್ಥ ಆಗಿದ್ದು ಹೋಮ್‌ಸ್ಟೇ ಅಂಕಲ್ ಬಿಡಿಸಿ ಹೇಳಿದ ಮೇಲೆ. ಮಡಿಕೇರಿ ಪೇಟೆಯಿಂದ ಸ್ವಲ್ಪ ಹೊರಗೆ ಅವರ ಮನೆ, ಹಿಂದೆ ಸಣ್ಣ ತೋಟ. ಗಂಡ ಹೆಂಡತಿ ತಮ್ಮತಮ್ಮಲ್ಲಿ ಈ ಕಡೆಯ ಕನ್ನಡದ ಒಂದು ಬಗೆಯಾದ ಅರೆಭಾಷೆ ಆಡುತ್ತಿದ್ದರು, ನಮ್ಮ ಜೊತೆ ಕನ್ನಡ. ಅಂಗಳದ ಮಧ್ಯೆ, ಮರದ ನೆರಳು ಬೀಳದ ಜಾಗದಲ್ಲಿ, ಮಳೆ ಅಳೆಯುವ ಡಬ್ಬ ಇತ್ತು. ಮೇಲೆ ಆಲಿಕೆ, ಒಳಗೆ ಗಾಜಿನ ಜಾಡಿ. ಅಂಕಲ್ ಹತ್ತಿರ ಅದಕ್ಕೊಂದು ಡೈರಿ. ಅವರ ತಂದೆಯ ಕಾಲದಿಂದ ಬರೆದಿಟ್ಟ ಡೈರಿಗಳೂ ಕಪಾಟಿನಲ್ಲಿವೆ. ಇಲ್ಲಿ ಮಳೆ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ಈ ವರ್ಷದ ಡೈರಿಯಲ್ಲಿ ಮಾರ್ಚ್ ಪುಟ ತೆಗೆದು ತೋರಿಸಿದರು. ಪ್ರತಿ ದಿನದ ಮುಂದೆಯೂ ಒಂದು ಗೀಟು.

"ಕಾಫಿ ಮೊಗ್ಗು ಇಷ್ಟು ದಿನ ಗಿಡದಲ್ಲಿ ಮಲಗಿರ್ತದೆ. ಒಂದು ಒಳ್ಳೆ ಮಳೆ ಬಿದ್ದರೆ ಏಳ್ತದೆ. ಅಲ್ಲಿಂದ ಎಂಟು ಹತ್ತು ದಿನಕ್ಕೆ ತೋಟ ಪೂರ್ತಿ ಒಟ್ಟಿಗೇ ಅರಳ್ತದೆ. ಅದಕ್ಕೇ ಹೂಮಳೆ ಅನ್ನೋದು" ಅಂದರು. ಆಮೇಲೆ ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮಳೆ ಬೇಕು. ಅದನ್ನು ಬ್ಯಾಕಿಂಗ್ ಮಳೆ ಅನ್ನುತ್ತಾರೆ. ಅದು ಬಂದರೆ ಹೂವು ಕಾಯಾಗಿ ನಿಲ್ಲುತ್ತದೆ. ಬರಬೇಕಾದಾಗ ಬರದಿದ್ದರೂ ಕಷ್ಟ, ಅರ್ಧಂಬರ್ಧ ಬಂದರೆ ಇನ್ನೂ ಕಷ್ಟ. ಹತ್ತು ಇಪ್ಪತ್ತು ಸೆಂಟ್ ಸುಮ್ನೆ ಸಿಂಪಡಿಸಿ ಹೋದರೆ ಮೊಗ್ಗು ಏಳಲೂ ಆಗದೆ, ಮಲಗಲೂ ಆಗದೆ ಕೆಟ್ಟುಹೋಗುತ್ತದೆ. ಕೆರೆ, ಪಂಪು, ಪೈಪು ಎಲ್ಲ ಇದ್ದವರು ಸ್ಪ್ರಿಂಕ್ಲರ್ ಹಾಕಿ ತಾವೇ ಹೂ ಬರಿಸಿಕೊಳ್ಳುತ್ತಾರೆ. ಉಳಿದವರಿಗೆ ಮೋಡವೇ ಗತಿ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಈ ಪುಟ್ಟ ಜಿಲ್ಲೆಯದ್ದು. ಹಾಗಾಗಿ ಮಾರ್ಚಿನಲ್ಲಿ ಇಲ್ಲಿ ಇಬ್ಬರು ಸಿಕ್ಕರೆ ಮೊದಲ ಮಾತು "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ.

ಪುಟ್ಟಿಗೆ ಬೇರೆಯೇ ಚಿಂತೆ. "ಅಂಕಲ್, ನಾಳೆ ಸಂಜೆ ಮಳೆ ಬರುತ್ತಾ?"

"ಬರಲಿ ಅಂತ ಹರಕೆ ಹೊತ್ತಿದ್ದೇವೆ ಮಗಳೇ."

ಅವಳ ಮುಖ ನೋಡಬೇಕಿತ್ತು.

ಸಂಜೆ ಪೇಟೆಗೆ ಇಳಿದೆವು. ಮಡಿಕೇರಿಯಲ್ಲಿ ಶುಕ್ರವಾರ ಸಂತೆ. ಒಣಮೀನಿನ ಸಾಲು, ನೇಂದ್ರ ಬಾಳೆಗೊನೆ, ಬೆಟ್ಟ ಇಳಿದು ಬಂದ ಜನ. ಜನರಲ್ ತಿಮ್ಮಯ್ಯ ವೃತ್ತದ ಸುತ್ತ ಹೋಮ್‌ಮೇಡ್ ಚಾಕೊಲೇಟಿನ ಅಂಗಡಿಗಳು. ಎಲ್ಲದರಲ್ಲೂ ಅವೇ ಡಬ್ಬಗಳು, ಒಂದು ನೋಡಿದರೆ ಸಾಕು. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಜನ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ಬೇಸಿಗೆಯ ಧೂಳಿಗೆ ಕಣಿವೆ ಮಸುಕಾಗಿತ್ತು. ಪಶ್ಚಿಮದಲ್ಲಿ ಒಂದು ತುಂಡು ಮೋಡ ಇತ್ತು. ಪುಟ್ಟಿ ಅದನ್ನೇ ದಿಟ್ಟಿಸುತ್ತಿದ್ದಳು.

ಶನಿವಾರ

ಬೆಳಿಗ್ಗೆ ಅಕ್ಕಿ ರೊಟ್ಟಿ. ಅನ್ನವನ್ನೂ ಅಕ್ಕಿ ಹಿಟ್ಟನ್ನೂ ಸೇರಿಸಿ ನಾದಿ, ತೆಳ್ಳಗೆ ತಟ್ಟಿ, ಕೆಂಡದ ಮೇಲೆ ಉಬ್ಬಿಸಿದ್ದು. ಮೈಸೂರಿನ ನಮ್ಮ ಈರುಳ್ಳಿ, ಸಬ್ಬಸಿಗೆ ಹಾಕಿದ ದಪ್ಪ ರೊಟ್ಟಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಕುಂಬಳಕಾಯಿ ಪಲ್ಯ, ಎಳ್ಳಿನ ಚಟ್ನಿ, ಬೆಲ್ಲದ ಕಾಫಿ. ಆಂಟಿ ಬಡಿಸುತ್ತಲೇ ಇದ್ದರು, ನಾನು ತಿನ್ನುತ್ತಲೇ ಇದ್ದೆ.

ಕಾರ್ಯಕ್ರಮ ಸಂಜೆ ಆರಕ್ಕೆ. ಅಲ್ಲಿಯವರೆಗೆ ಊರು ಸುತ್ತಿದೆವು. ಕೋಟೆ ಪೇಟೆಯ ನಡುವೆಯೇ ಇದೆ. ಮೊದಲು ಮಣ್ಣಿನದ್ದಾಗಿತ್ತಂತೆ, ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಒಳಗಿನ ಅರಮನೆಯನ್ನು ಲಿಂಗರಾಜ 1812ರಿಂದ 1814ರ ನಡುವೆ ಮತ್ತೆ ಕಟ್ಟಿಸಿದ. ಬ್ರಿಟಿಷರು 1834ರಲ್ಲಿ ಕೊಡಗನ್ನು ತೆಗೆದುಕೊಂಡರು. 1855ರಲ್ಲಿ ಕೋಟೆಯೊಳಗೇ ಒಂದು ಚರ್ಚ್ ಕಟ್ಟಿದರು, ಈಗ ಅದು ವಸ್ತುಸಂಗ್ರಹಾಲಯ. ಪುಟ್ಟಿಗೆ ಇಷ್ಟವಾಗಿದ್ದು ಮೂಲೆಯಲ್ಲಿ ನಿಂತಿರುವ ಎರಡು ಗಾರೆ ಆನೆಗಳು. ರಾಜ ಸಿಟ್ಟಿನಲ್ಲಿ ತನ್ನ ಆನೆಗಳನ್ನು ಕೊಲ್ಲಿಸಿ, ಆಮೇಲೆ ಪಶ್ಚಾತ್ತಾಪಪಟ್ಟು ಇವನ್ನು ಮಾಡಿಸಿದ ಅಂತ ಊರವರು ಹೇಳುತ್ತಾರೆ. ಓಂಕಾರೇಶ್ವರ ದೇವಸ್ಥಾನವೂ ಲಿಂಗರಾಜನದ್ದೇ, 1820ರದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರ್. ಮೊದಲ ಸಲ ನೋಡಿದವರು ಮಸೀದಿ ಅಂದುಕೊಳ್ಳುತ್ತಾರೆ. ಮುಂದಿನ ಕೊಳದ ಮೆಟ್ಟಿಲ ಮೇಲೆ ಕೂತು ಮೀನು ನೋಡುತ್ತಾ ಒಂದು ಗಂಟೆ ಕಳೆದೆವು. ಅಬ್ಬಿ ಜಲಪಾತಕ್ಕೆ ಆಟೋದವರು ಕರೆದರು. ಮಾರ್ಚಿನಲ್ಲಿ ಅಲ್ಲಿ ಬಂಡೆ ತೊಳೆಯುವಷ್ಟೂ ನೀರಿರುವುದಿಲ್ಲ, ಬೇಡ ಅಂದೆವು.

ಮೂರು ಗಂಟೆಗೇ ತೋಟಕ್ಕೆ ಹೋಗಿಬಿಟ್ಟೆವು. ಸೌಂಡ್‌ಚೆಕ್ ನೋಡಬೇಕು ಅಂತ ಪುಟ್ಟಿಯ ಹಟ.

ಕಾಫಿ ಕಣ ನೋಡದವರಿಗೆ ಹೇಳಬೇಕು. ಹಣ್ಣು ಒಣಗಿಸಲು ತೋಟದ ನಡುವೆ ಮಾಡಿಕೊಂಡ ಸಿಮೆಂಟಿನ ಅಂಗಳ ಅದು. ಈ ತೋಟದ್ದು ಫುಟ್‌ಬಾಲ್ ಮೈದಾನದ ಅರ್ಧದಷ್ಟಿತ್ತು. ನವೆಂಬರಿನಿಂದ ಫೆಬ್ರವರಿವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೊಯ್ಲು ಮುಗಿದು ಚೀಲ ಹೋದ ಮೇಲೆ ಖಾಲಿ. ಒಂದು ಬದಿಗೆ ಗೋಡೌನು, ಇನ್ನೊಂದು ಬದಿಗೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ, ಮೂರನೇ ಬದಿಗೆ ಸ್ಟೇಜು. ನೆಲ ಮುಟ್ಟಿದರೆ ಬಿಸಿ, ಸಿಮೆಂಟಿನ ಸಂದಿಯಲ್ಲಿ ಇನ್ನೂ ಕಪ್ಪು ಸಿಪ್ಪೆಯ ಚೂರು. ಹುಳಿ ಹುಳಿ ವಾಸನೆ ಕೂಡ ಪೂರ್ತಿ ಹೋಗಿರಲಿಲ್ಲ.

ಸೌಂಡ್‌ಚೆಕ್ ಅಂದರೆ ಹಾಡು ಕೇಳಬಹುದು ಅಂದುಕೊಂಡವರಿಗೆ ನಿರಾಸೆ. ಡ್ರಮ್ಮರ್ ಒಂದೇ ಡ್ರಮ್ಮನ್ನು ಕಾಲು ಗಂಟೆ ಡುಬ್ ಡುಬ್ ಅಂತ ತುಳಿಯುತ್ತಾ ಕೂತಿದ್ದ. ಸೌಂಡ್ ಎಂಜಿನಿಯರ್ ಕಣದಲ್ಲಿ ಹಿಂದೆ ಮುಂದೆ ಓಡಾಡುತ್ತಾ "ಇನ್ನೊಂದ್ಸಲ" ಅನ್ನುತ್ತಿದ್ದ. ಸದ್ದು ಸಿಮೆಂಟಿಗೆ ಬಡಿದು ಚಿಮ್ಮುತ್ತಿದೆ ಅನ್ನುವುದು ಅವನ ತಕರಾರು. ತೋಟದ ರೈಟರ್ ಕೇಳಿಸಿಕೊಂಡು ಗೋಡೌನಿನಿಂದ ಖಾಲಿ ಗೋಣಿಚೀಲ ತರಿಸಿ ಸ್ಟೇಜಿನ ಮುಂದೆ ಹಾಸಿಸಿದರು. ಎಂಜಿನಿಯರ್ ಮತ್ತೆ ಕೇಳಿ ಹೆಬ್ಬೆರಳೆತ್ತಿದ. ಕೊಡಗಿನಲ್ಲಿ ರೈಟರ್ ಅಂದರೆ ಬರಹಗಾರರಲ್ಲ, ತೋಟದ ಆಳು ಲೆಕ್ಕ, ಕೆಲಸ ಎಲ್ಲ ನೋಡಿಕೊಳ್ಳುವವರು. ಇವರು ಅರ್ಧ ತೋಳಿನ ಖಾಕಿ ಶರ್ಟು, ಕೊರಳಿಗೆ ವಿಷಲ್ ಹಾಕಿಕೊಂಡು ಎಲ್ಲ ಕಡೆ ತಾವೇ ಇದ್ದರು.

ಐದೂವರೆಗೆ ಗೇಟು ತೆರೆದರು. ಊಟದ ಸ್ಟಾಲುಗಳಲ್ಲಿ ಪಂದಿ ಕರಿ, ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು. ಕರಿಗೆ ಆ ಕಪ್ಪು ಬಣ್ಣ, ಆ ಹುಳಿ ಬರುವುದು ಕಾಚಂಪುಳಿಯಿಂದ. ಹಣ್ಣಿನ ರಸವನ್ನು ಗಟ್ಟಿಯಾಗುವವರೆಗೆ ಕಾಯಿಸಿ ಇಟ್ಟುಕೊಳ್ಳುತ್ತಾರೆ, ಒಂದು ಚಮಚ ಜಾಸ್ತಿಯಾದರೂ ಹಲ್ಲು ಚಳಿತುಹೋಗುತ್ತದೆ. ಸಾಲು ಮಾತ್ರ ಉದ್ದ. ಹೆಂಗಸರ ಟಾಯ್ಲೆಟ್ಟಿನ ಸಾಲು ಅದಕ್ಕಿಂತ ಉದ್ದ. ಟಿಕೆಟ್ಟಿಗೆ ಅಷ್ಟು ದುಡ್ಡು ತೆಗೆದುಕೊಂಡ ಮೇಲೆ ಇನ್ನೂ ನಾಲ್ಕು ಕಟ್ಟಿಸಲು ಏನಾಗಿತ್ತು?

ಜನ ಎಲ್ಲ ಥರದವರಿದ್ದರು. ಕಪ್ಪು ಟೀ ಶರ್ಟಿನ ಬೆಂಗಳೂರು ಹುಡುಗರು, ಗೋಣಿಕೊಪ್ಪ, ವಿರಾಜಪೇಟೆಯಿಂದ ಜೀಪಿನಲ್ಲಿ ಬಂದ ಕುಟುಂಬಗಳು, ನೆರಿಗೆ ಹಿಂದಕ್ಕೆ ಬರುವಂತೆ ಸೀರೆಯುಟ್ಟ ಅಜ್ಜಿಯರು. ಮೊದಲು ಸ್ಥಳೀಯ ಕಾಲೇಜು ಹುಡುಗರ ಒಂದು ಬ್ಯಾಂಡು ನುಡಿಸಬೇಕು, ಆಮೇಲೆ ಬೆಂಗಳೂರಿನವರು. ಹುಡುಗರು ಹತ್ತಿದರು. ಎರಡನೇ ಹಾಡಿನಲ್ಲಿದ್ದಾಗ ಗಾಳಿ ಬಂತು.

ಗಾಳಿಯ ಹಿಂದೆಯೇ ಗುಡುಗು. ಬೆಟ್ಟದ ಮೇಲಿನ ಮೋಡ ನೋಡುತ್ತಿದ್ದಂತೆ ಕಣದ ಮೇಲೆ ಬಂದು ನಿಂತಿತು. ಆಯೋಜಕರ ಹುಡುಗರು ವಾಕಿಟಾಕಿ ಹಿಡಿದು ಆ ಕಡೆ ಈ ಕಡೆ ಓಡತೊಡಗಿದರು. ಯಾರಿಗೆ ಏನು ಮಾಡಬೇಕೆಂದೇ ತಿಳಿದಿಲ್ಲ. ಆಗ ರೈಟರ್ ವಿಷಲ್ ಊದಿದರು.

ಕೆಲಸದವರು ಇರುವ ಲೈನ್‌ಮನೆ ಕಡೆಯಿಂದ ಇಪ್ಪತ್ತು ಮೂವತ್ತು ಜನ ಓಡಿ ಬಂದರು. ಗಂಡಸರು, ಹೆಂಗಸರು, ಅಸ್ಸಾಮಿನಿಂದ ಕೊಯ್ಲಿಗೆ ಬಂದು ಉಳಿದ ಹುಡುಗರು. ಕೈಯಲ್ಲಿ ನೀಲಿ ಟಾರ್ಪಾಲಿನ ಸುರುಳಿ. ಕೊಯ್ಲಿನ ಕಾಲದಲ್ಲಿ ಮೋಡ ಕವಿದರೆ ಕಣದ ತುಂಬ ಹರಡಿದ ಕಾಫಿಯನ್ನು ಗುಡ್ಡೆ ಮಾಡಿ ಮುಚ್ಚುವುದು ಇವರ ಕೆಲಸ. ಒಮ್ಮೆ ನೆನೆದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹೋಗುತ್ತದೆ. ಹಾಗಾಗಿ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಇಬ್ಬರು ತುದಿ ಹಿಡಿದು ಓಡಿದರು, ಇಬ್ಬರು ನಡುವೆ ಎತ್ತಿ ಹಾರಿಸಿದರು, ಅಂಚಿಗೆ ಕಲ್ಲು ಬಿತ್ತು. ಸ್ಪೀಕರಿನ ಗೋಪುರ, ಮಿಕ್ಸರ್ ಮೇಜು, ಡ್ರಮ್ ಸೆಟ್ಟು, ಆಂಪ್‌ಗಳು ಒಂದೊಂದೇ ನೀಲಿಯಾದವು. ಮೊದಲ ದಪ್ಪ ಹನಿ ಸಿಮೆಂಟಿಗೆ ಬಿದ್ದು ಆವಿಯಾಗುವ ಹೊತ್ತಿಗೆ ಎಲ್ಲ ಮುಚ್ಚಿಯಾಗಿತ್ತು. ಎಂಜಿನಿಯರ್ ಬಾಯಿ ಬಿಟ್ಟುಕೊಂಡು ನಿಂತಿದ್ದ. ಅವನ ತಲೆಯ ಮೇಲೂ ಯಾರೋ ಒಂದು ಗೋಣಿ ಕೊಪ್ಪೆ ಹಾಕಿ ಹೋದರು.

ಆಮೇಲೆ ಸುರಿದದ್ದು ಮಳೆ. ನಡುನಡುವೆ ಆನೆಕಲ್ಲು. ಜನರೇಟರ್ ಆಫ್. ನಾವೆಲ್ಲ ಗೋಡೌನು, ಪಲ್ಪರ್ ಮನೆ, ಎಲ್ಲಿ ಸೂರು ಸಿಕ್ಕಿತೋ ಅಲ್ಲಿ ನುಗ್ಗಿದೆವು. ತಗಡಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳುತ್ತಿರಲಿಲ್ಲ. ಪುಟ್ಟಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬೆಂಗಳೂರಿನ ಹುಡುಗರು ಆಕಾಶಕ್ಕೆ ಬೈಯುತ್ತಿದ್ದರು. ಅವರ ಪಕ್ಕದಲ್ಲೇ ನಿಂತ ಊರಿನ ಹಿರಿಯರಿಬ್ಬರು ಕೈ ಹೊರಗೆ ಚಾಚಿ ಮಳೆ ಹಿಡಿದು, ಮುಖಕ್ಕೆ ಸವರಿಕೊಂಡು, ಪಂದ್ಯ ಗೆದ್ದವರ ಹಾಗೆ ನಗುತ್ತಿದ್ದರು. ಒಬ್ಬರು ಫೋನಿನಲ್ಲಿ ಕಿರುಚಿದರು: "ಇಲ್ಲಿ ಹೊಯ್ತಾ ಉಂಟು! ನಿಮ್ಮಲ್ಲಿ?"

ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಗಡಿಯಾರ ನೋಡಿದರೆ ಏಳೂಕಾಲು. ಮಳೆ ನಿಲ್ಲುವ ಸೂಚನೆ ಇಲ್ಲ.

ಆಗ ಗೋಡೌನಿನ ಒಳಗಿನಿಂದ ದುಡಿ ಕೇಳಿತು. ಬ್ಯಾಂಡಿನ ಜೊತೆ ಒಂದು ಹಾಡಿಗೆ ನುಡಿಸಲು ನಾಲ್ವರು ಕೊಡವ ಹಾಡುಗಾರರನ್ನು ಕರೆದಿದ್ದರು. ಮೈಮೇಲೆ ಕಪ್ಪು ನಿಲುವಂಗಿ ಕುಪ್ಯ, ಸೊಂಟಕ್ಕೆ ಕೆಂಪು ಪಟ್ಟಿ ಚೇಲೆ. ಚೀಲಗಳ ಅಟ್ಟಿಗೆ ಒರಗಿ ನಿಂತು ಶುರು ಮಾಡಿಬಿಟ್ಟರು. ದುಡಿ ಅಂದರೆ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಕೋಲಿನಿಂದ ಬಡಿಯುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಮದುವೆ, ಸುಗ್ಗಿ ಹಬ್ಬ ಹುತ್ತರಿ, ಸಾವು, ಏನೇ ಇರಲಿ ಇವರ ಈ ಹಾಡು, ಬಾಳೊಪಾಟ್, ಬೇಕು. ಮಾತು ನನಗೆ ಅರ್ಧವೂ ತಿಳಿಯಲಿಲ್ಲ. ತಗಡಿನ ಮೇಲಿನ ಆ ಸದ್ದಿನಲ್ಲೂ ನಾಲ್ಕು ಗಂಟಲು ಕೊನೆಯ ಮೂಲೆಗೆ ಮುಟ್ಟುತ್ತಿತ್ತು. ಕರೆಂಟು ಬೇಡ, ಮೈಕು ಬೇಡ. ಬ್ಯಾಂಡಿನ ಡ್ರಮ್ಮರ್ ಜನರ ನಡುವೆ ನುಸುಳಿಕೊಂಡು ಬಂದು ಅವರ ಕೈಯನ್ನೇ ನೋಡುತ್ತಾ ಕೂತ. ಸ್ವಲ್ಪ ಹೊತ್ತಿಗೆ ಒಂದು ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ ಬೆರಳಲ್ಲಿ ತಾಳ ಹಿಡಿದ. ಅವರು ಬೇಡ ಅನ್ನಲಿಲ್ಲ.

ಎಂಟಕ್ಕೆ ಮಳೆ ನಿಂತಿತು. ಇದೇ ಮಳೆ ಮೈದಾನಕ್ಕೆ ಬಿದ್ದಿದ್ದರೆ ಮೊಣಕಾಲುದ್ದ ಕೆಸರಾಗಿ ಎಲ್ಲರೂ ಮನೆಗೆ ಹೋಗಬೇಕಿತ್ತು. ಕಣವನ್ನು ನೀರು ನಿಲ್ಲಬಾರದು ಅಂತಲೇ ಸ್ವಲ್ಪ ಇಳಿಜಾರಾಗಿ ಕಟ್ಟುತ್ತಾರೆ. ಹತ್ತು ನಿಮಿಷದಲ್ಲಿ ನೀರೆಲ್ಲ ಚರಂಡಿಗೆ ಇಳಿದುಹೋಯಿತು. ಟಾರ್ಪಾಲು ಎತ್ತಿದರು, ವಯರುಗಳನ್ನು ಒರೆಸಿದರು, ಎಂಟೂವರೆಗೆ ಬ್ಯಾಂಡು ಸ್ಟೇಜಿನ ಮೇಲಿತ್ತು. ಕಾಲೇಜು ಹುಡುಗರಿಗೆ ಮತ್ತೆ ಅವಕಾಶ ಸಿಗಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ. ಒಂದೂವರೆ ಗಂಟೆಯಲ್ಲಿ ಅವರಿಗೊಂದು ಹಾಡು ಬಿಟ್ಟುಕೊಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

ಬ್ಯಾಂಡಿನವರು ಮಾತೇ ಆಡಲಿಲ್ಲ. ಇಲ್ಲದಿದ್ದರೆ ಹಾಡು ಹಾಡಿನ ನಡುವೆ ಕಥೆ ಹೇಳುವ ಜಾತಿಯಂತೆ, ಪುಟ್ಟಿ ಹೇಳಿದ್ದು. ಇವತ್ತು ಟೈಮಿಲ್ಲ, ಒಂದರ ಬಾಲಕ್ಕೆ ಇನ್ನೊಂದು. ನೆಂದ ಗಾಳಿಯಲ್ಲಿ ಗಿಟಾರಿನ ತಂತಿ ಪದೇ ಪದೇ ಶ್ರುತಿ ಬಿಡುತ್ತಿತ್ತು. ಗಿಟಾರಿಸ್ಟ್ ಹಾಡಿನ ಮಧ್ಯದಲ್ಲೇ ಬಿರಡೆ ತಿರುಗಿಸಿಕೊಳ್ಳುತ್ತಿದ್ದ. ಹಿಂದಿನ ದಿನ ಬಸ್ಸಿನಲ್ಲಿ ಕೇಳದ ಬೇಸು ಈಗ ಸಿಮೆಂಟಿನಿಂದ ಚಪ್ಪಲಿಗೆ, ಚಪ್ಪಲಿಯಿಂದ ಮೂಳೆಗೆ ಬಂತು. "ಕೇಳ್ತಾ ಮಾವ? ಕೇಳ್ತಾ?" ಪುಟ್ಟಿ ಹಾರುತ್ತಲೇ ಕೇಳಿದಳು.

ದುಡಿಯವರು ಬಂದದ್ದು ಒಂಬತ್ತೂಕಾಲಿಗೆ. ಗೊತ್ತುಮಾಡಿಕೊಂಡದ್ದು ಒಂದು ಹಾಡು, ನಡೆದದ್ದು ಮೂರು. ಒಂದು ತತ್ವಪದ, ಅದರ ಹೊಟ್ಟೆಯೊಳಗೆ ದುಡಿ. ಮೂರನೆಯದರ ಕೊನೆಗೆ ಡ್ರಮ್ಮರ್ ಏನೋ ಹೊಳೆದು ವಾಲಗದ ಲಯಕ್ಕೆ ತಿರುಗಿದ. ವಾಲಗ ಅಂದರೆ ಕೊಡವರ ಮದುವೆಯಲ್ಲಿ ಕುಣಿತಕ್ಕೆ ಬಾರಿಸುವ ಡೋಲು, ಪೀಪಿ. ಅಲ್ಲಿಯವರೆಗೆ ಬೆಂಗಳೂರು ಹುಡುಗರು ತಲೆ ಆಡಿಸುತ್ತಿದ್ದರು, ಊರವರು ಕೈಕಟ್ಟಿ ನೋಡುತ್ತಿದ್ದರು. ಆ ಲಯ ಬಂದದ್ದೇ ತಡ, ಹಿಂದಿದ್ದವರೆಲ್ಲ ಮುಂದೆ ಬಂದರು. ಕೈ ಅಗಲ ಚಾಚಿ, ಮೊಣಕಾಲು ಬಗ್ಗಿಸಿ, ಭುಜ ಕುಲುಕಿಸುತ್ತಾ. ಸೀರೆಯ ಅಜ್ಜಿಯೊಬ್ಬರು ಒಂದು ಕೈಯಲ್ಲಿ ವ್ಯಾನಿಟಿ ಬ್ಯಾಗು ಹಿಡಿದೇ ಕುಣಿದರು. ಕಪ್ಪು ಟೀ ಶರ್ಟಿನವರಿಗೆ ಹೆಜ್ಜೆ ಬರಲಿಲ್ಲ. ಅಜ್ಜಿ ಒಬ್ಬನ ಮೊಣಕೈ ಹಿಡಿದೆಳೆದು "ಹೀಗೆ" ಅಂತ ತೋರಿಸಿದರು. ನಾನೂ ಕುಣಿದೆ. ಮೊಣಕಾಲು ಮರುದಿನ ಹೇಳಬೇಕಾದ್ದನ್ನೆಲ್ಲ ಹೇಳಿತು.

ಒಂಬತ್ತು ಐವತ್ತೈದಕ್ಕೆ ಪೊಲೀಸರೊಬ್ಬರು ಮಿಕ್ಸರ್ ಪಕ್ಕ ಬಂದು ನಿಂತು ಗಡಿಯಾರ ತೋರಿಸಿದರು. ಕೊನೆಯ ಹಾಡು ನಡೆಯುತ್ತಿತ್ತು. ಸರಿಯಾಗಿ ಹತ್ತಕ್ಕೆ, ಗಿಟಾರ್ ಸೋಲೋ ನಡುವೆ, ಎಂಜಿನಿಯರ್ ಮೇನ್ ಆಫ್ ಮಾಡಿದ. ಗಿಟಾರಿಸ್ಟನ ಬೆರಳು ಓಡುತ್ತಲೇ ಇತ್ತು, ಸದ್ದು ಮಾತ್ರ ಇಲ್ಲ. ಡ್ರಮ್ಮಿಗೆ ಕರೆಂಟಿನ ಹಂಗಿಲ್ಲವಲ್ಲ, ಅದು ನಿಲ್ಲಲಿಲ್ಲ. ಪೊಲೀಸರು ಕೈ ಎತ್ತಿದರು. ಡ್ರಮ್ಮರ್ ಇನ್ನೊಂದು ಸುತ್ತು ಬಾರಿಸಿ, ಎರಡೂ ಕೋಲು ಮಡಿಲಲ್ಲಿ ಇಟ್ಟು, ಕೈಮುಗಿದ. ಪೊಲೀಸರಿಗೂ ನಗು ಬಂತು.

ಗೇಟಿನಲ್ಲಿ ಬೋರ್ಡು ಇತ್ತು: ರಾತ್ರಿ ಯಾರೂ ನಡೆದು ಹೋಗಬೇಡಿ, ಆನೆ ಓಡಾಟ ಇದೆ. ಜೀಪಿನಲ್ಲಿ ಹೊರಟೆವು. ಮುಖ್ಯರಸ್ತೆಗೆ ಸೇರುವ ಮುಂಚೆ ಡ್ರೈವರ್ ಬ್ರೇಕ್ ಹಾಕಿ ಹೆಡ್‌ಲೈಟಿನಲ್ಲಿ ಬಿಸಿ ಲದ್ದಿ ತೋರಿಸಿದರು. "ಈಗಷ್ಟೇ ದಾಟಿದ್ದಾನೆ. ನಿಮ್ಮ ಡ್ರಮ್ಮಿಗೆ ಹೆದರಿ ಇಷ್ಟು ಹೊತ್ತು ಒಳಗಿದ್ದ ಅಂತ ಕಾಣ್ತದೆ."

ಭಾನುವಾರ

ಎಚ್ಚರವಾದಾಗ ಅಂಕಲ್ ಅಂಗಳದಲ್ಲಿದ್ದರು. ಗಾಜಿನ ಜಾಡಿ ಎತ್ತಿ, ಅಳತೆಯ ಗೀಟಿಗೆ ಕಣ್ಣು ಸರಿಯಾಗಿ ಹಿಡಿದು ನೋಡುತ್ತಿದ್ದರು.

"ಎಷ್ಟು ಸಾರ್?"

"ಹದಿನೆಂಟು ಸೆಂಟು."

ನಾವು ನೆಂದ ತೋಟದಲ್ಲಿ ಒಂದು ಇಂಚು ದಾಟಿತ್ತು ಅಂತ ಆ ರೈಟರ್ ರಾತ್ರಿಯೇ ಹೇಳಿದ್ದರು. ಇಲ್ಲಿಗೆ ಹತ್ತೇ ಕಿಲೋಮೀಟರ್. ಬೇಸಿಗೆಯ ಗುಡುಗು ಮಳೆಯೇ ಹಾಗೆ, ಒಂದು ಗುಡ್ಡ ತೋಯಿಸಿದರೆ ಪಕ್ಕದ್ದನ್ನು ಬಿಡುತ್ತದೆ. ಅಂಕಲ್ ಡೈರಿಯಲ್ಲಿ 18 ಅಂತ ಬರೆದರು. ನಿನ್ನೆಯವರೆಗಿನ ಗೀಟುಗಳಿಗಿಂತ ಈ ಅಂಕಿಯೇ ಅವರಿಗೆ ಜಾಸ್ತಿ ಬೇಜಾರು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಬೆಳಿಗ್ಗೆ ಪೂರ್ತಿ ಫೋನಿನಲ್ಲೇ ಇದ್ದರು. ಪಂಪ್‌ಸೆಟ್ ಇರುವ ನೆಂಟರೊಬ್ಬರಿಂದ ಪೈಪು ಎರವಲು ಸಿಗುತ್ತದಾ, ಎರಡು ದಿನದೊಳಗೆ ನೀರು ಹಾಯಿಸಿದರೆ ಮೊಗ್ಗು ಉಳಿಯುತ್ತದಾ ಅನ್ನುವ ಲೆಕ್ಕಾಚಾರ.

"ಮುಂದಿನ ವರ್ಷ ನಿಮ್ಮ ಬ್ಯಾಂಡಿನವರನ್ನ ನಮ್ಮ ಅಂಗಳಕ್ಕೆ ಕರ್ಕೊಂಡು ಬಾ ಮಗಳೇ" ಅಂದರು ಪುಟ್ಟಿಗೆ. ಅರ್ಧ ತಮಾಷೆ ಅಷ್ಟೇ.

ಮಧ್ಯಾಹ್ನದ ಬಸ್ಸಿಗೆ ಮುಂಚೆ ಸನ್ನಿಸೈಡ್ ನೋಡಿದೆವು. ಜನರಲ್ ತಿಮ್ಮಯ್ಯ ಹುಟ್ಟಿ ಬೆಳೆದ ಮನೆ, 2021ರಿಂದ ವಸ್ತುಸಂಗ್ರಹಾಲಯ. 1948ರಲ್ಲಿ ಜೋಜಿಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದವರು, 1957ರಿಂದ 1961ರವರೆಗೆ ಸೇನೆಯ ಮುಖ್ಯಸ್ಥರು, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆ ನೋಡಿಕೊಳ್ಳುತ್ತಿದ್ದಾಗಲೇ ತೀರಿಕೊಂಡರು. ಮನೆಯನ್ನು ಮನೆಯ ಹಾಗೇ ಇಟ್ಟಿದ್ದಾರೆ, ಅದು ಹಿಡಿಸಿತು. ಪುಟ್ಟಿ ಸರಿಯಾಗಿ ನಿದ್ದೆ ಇಲ್ಲದೆ ಪ್ರತಿ ಬೆಂಚಿನಲ್ಲೂ ಕೂರುತ್ತಿದ್ದಳು.

ಬಸ್ಸು ಸುಂಟಿಕೊಪ್ಪದ ಕಡೆ ಇಳಿಯುವಾಗ ಆ ತೋಟದ ಗೇಟು ಕಂಡಿತು. ಸ್ಪೀಕರ್ ಲಾರಿ ಹಿಮ್ಮುಖವಾಗಿ ಹೊರಗೆ ಬರುತ್ತಿತ್ತು, ಮುಂದೆ ನಿಂತು ವಿಷಲ್ ಊದುತ್ತಿದ್ದವರು ಅದೇ ರೈಟರ್. ಒಂದೇ ರಾತ್ರಿಗೆ ಕಾಫಿ ಎಲೆಗಳ ಧೂಳು ಹೋಗಿ, ಜೋತುಬಿದ್ದವೆಲ್ಲ ನೆಟ್ಟಗಾಗಿದ್ದವು.

"ಎಂಟು ಹತ್ತು ದಿನಕ್ಕೆ ಅರಳುತ್ತೆ ಅಂದ್ರಲ್ಲ ಮಾವ" ಪುಟ್ಟಿ ಮೊಬೈಲಿನಲ್ಲಿ ಕ್ಯಾಲೆಂಡರ್ ತೆಗೆದಳು. ಬೆರಳು ಒಂದು ದಿನಾಂಕದ ಮೇಲೆ ನಿಂತಿತು. "ಅಯ್ಯೋ, ಅವತ್ತು ಇಂಟರ್ನಲ್ಸ್. ನೀನೇ ಹೋಗಿ ವಿಡಿಯೋ ಕಳ್ಸು."

"ಒಬ್ಬನೇ ಹೋಗು ಅಂತ ನಿಮ್ಮತ್ತೆ ಬಿಡ್ತಾಳಾ?"

"ಅಮ್ಮನ್ನ ಕರ್ಕೊಂಡು ಹೋಗು. ಅಮ್ಮನಿಗೂ ಆ ಅಜ್ಜಿ ಹತ್ರ ಡ್ಯಾನ್ಸ್ ಕಲಿಸು."

ಕುಶಾಲನಗರ ಬರುವ ಮುಂಚೆ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು, ಇಯರ್‌ಫೋನು ನನ್ನ ಕಿವಿಯಲ್ಲೇ ಬಿಟ್ಟು. ಮೂರನೇ ಹಾಡನ್ನು ಹಿಂದಕ್ಕೆ ಒತ್ತಿ ಮತ್ತೆ ಕೇಳಿದೆ. ರೆಕಾರ್ಡಿಂಗಿನಲ್ಲಿ ದುಡಿ ಇಲ್ಲ, ಅದೊಂದು ಕೊರತೆ.